ಕರಡಿ ಪಾಲು

ಬಹಳ ಹಿಂದೆ, ಕಲ್ಲುಗಳಿಗೂ ಕಿವಿಯಿದ್ದ ಕಾಲದಲ್ಲಿ, ಏಳುಬಂಡೆ ಎಂಬ ರಾಜ್ಯವಿತ್ತು. ಅದರ ರಾಜ ಶಾಂತವರ್ಮ ದಿನಾ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ಕೂತು ಪ್ರಜೆಗಳ ಅಹವಾಲು ಕೇಳುತ್ತಿದ್ದ. ಬಂದವರು ನೇರ ಒಳಗೆ ಹೋಗುವರು, ಹೇಳುವುದನ್ನು ಹೇಳುವರು, ನ್ಯಾಯ ಪಡೆದು ಮನೆಗೆ ಹೋಗುವರು. ಕೋಟೆಯ ಹೆಬ್ಬಾಗಿಲಲ್ಲಿ ಒಂದು ಕಲ್ಲಿನ ಕರಡಿ ಇತ್ತು. ಅದನ್ನು ಯಾರು ಕೆತ್ತಿದರೋ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳು ಅದರ ಬೆನ್ನೇರಿ ಆಡುತ್ತಿದ್ದವು. ಆಗ ಅದು ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ರಾಜ್ಯದ ಅಂಚಿನ ಕಾಡಿನಲ್ಲಿ ಕೇತಯ್ಯ ಎಂಬ ಜೇನು ಕೀಳುವವನಿದ್ದ. ಕಾಡುಬಳ್ಳಿಯ ಏಣಿ ಇಳಿಬಿಟ್ಟು, ಎತ್ತರದ ಬಂಡೆಯಿಂದ ಹೆಜ್ಜೇನು ಬಿಡಿಸುವುದು ಅವನ ಕಸುಬು. ಆ ಕಸುಬಿನವರದ್ದೊಂದು ಪದ್ಧತಿ. ಬಿಡಿಸಿದ ಜೇನಿನಲ್ಲಿ ಮೊದಲ ತುಂಡನ್ನು ಎಲೆಯ ಮೇಲಿಟ್ಟು ಕಾಡಿನ ಕರಡಿಗೆ ಬಿಟ್ಟು ಬರಬೇಕು. ಅದಕ್ಕೆ ಕರಡಿ ಪಾಲು ಎನ್ನುತ್ತಿದ್ದರು.

ಕೇತಯ್ಯ ಮದುವೆಯಾದ ಹೊಸತರಲ್ಲಿ ಒಮ್ಮೆ ಅರಮನೆಗೆ ಬಂದ. ಕಾಡಿನ ಪುಟ್ಟ ಊರಾದ ಅವನ ಹಾಡಿಯವರಿಗೆ ಹೊಳೆ ದಾಟಲು ಒಂದು ಕಾಲುಸಂಕ ಬೇಕಿತ್ತು. ರಾಜ ಕೇಳಿದ, ಆಗಲಿ ಎಂದ. ಕೇತಯ್ಯನಿಗೆ ಹಿಡಿಸಲಾರದಷ್ಟು ಖುಷಿ. ಹೊರಗೆ ಬರುವಾಗ ಕಲ್ಲಿನ ಕರಡಿ ಕಂಡಿತು. ಬುತ್ತಿಯಲ್ಲಿ ಒಂದು ತುಂಡು ಜೇನುಹುಟ್ಟು ಇತ್ತು. ಅಭ್ಯಾಸದ ಕೈ ಸುಮ್ಮನಿರುತ್ತದೆಯೇ? ತೆಗೆದು ಕರಡಿಯ ಮುಂದಿಟ್ಟು ಕೈಮುಗಿದ.

ಹಿಂದೆ ಒಬ್ಬ ಬಟ್ಟೆ ವ್ಯಾಪಾರಿ ನಿಂತಿದ್ದ. "ಅದೇನಪ್ಪಾ ಇಟ್ಟಿದ್ದು?" ಎಂದು ಕೇಳಿದ.

"ಕರಡಿ ಪಾಲು ಕಣಣ್ಣ," ಎಂದು ಕೇತಯ್ಯ ನಕ್ಕ.

"ಕೆಲಸ ಆಯ್ತಾ?"

"ಆಯ್ತು!"

ಅಲ್ಲಿ ಒಂದು ಗಳಿಗೆ ನಿಂತು, ಕೆಲಸ ಆದಮೇಲೆ ಇಟ್ಟದ್ದು, ಸುಮ್ಮನೆ ಇಟ್ಟದ್ದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮನೆಗೆ ಹೋಗುವ ಅವಸರ. ವ್ಯಾಪಾರಿ ಒಳಗೆ ಹೋಗುವ ಮೊದಲೇ ಕರಡಿಯ ಮುಂದೆ ಒಂದು ಅಚ್ಚು ಬೆಲ್ಲ ಇಟ್ಟ. ಅವನ ಕೆಲಸವೂ ಆಯಿತು. ಇಡದಿದ್ದರೂ ಆಗುತ್ತಿತ್ತು, ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು? ಮರುದಿನ ಹತ್ತು ಜನ ಇಟ್ಟರು. ತಿಂಗಳು ಕಳೆಯುವಷ್ಟರಲ್ಲಿ ಬರಿಗೈಯಲ್ಲಿ ಬಂದವರು ನಾಚಿಕೊಂಡು ವಾಪಸು ಹೋಗುವಂತಾಯಿತು.

ಹೆಬ್ಬಾಗಿಲು ಕಾಯುವ ಅಧಿಕಾರಿ ಧೂಮಾಕ್ಷ ಎಂಬವನು ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಒಂದಿಷ್ಟು ಮಾಟ ಗೊತ್ತಿತ್ತು. ಒಂದು ಸಂಜೆ ಕರಡಿಯ ತಲೆಯ ಮೇಲೆ ಒಂದು ಹಿಡಿ ಬೂದಿ ಎರಚಿದ. ಕಲ್ಲಿನ ಕರಡಿ ಕಣ್ಣು ಬಿಟ್ಟು, ನಾಲಿಗೆ ಚಾಚಿ, ಮುಂದಿದ್ದುದನ್ನೆಲ್ಲ ನೆಕ್ಕಿತು. ಆಮೇಲೆ ಬಾಯಿ ತೆರೆದು, "ನನ್ನ ಪಾಲು?" ಎಂದಿತು.

ಅಂದಿನಿಂದ ಪಾಲಿಡದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಬೆಲ್ಲ ಹೋಗಿ ತುಪ್ಪ ಬಂತು. ತುಪ್ಪ ಹೋಗಿ ಅಕ್ಕಿಮೂಟೆ ಬಂತು. ಮೂಟೆ ಹೋಗಿ ಉಳುವ ಎತ್ತು, ಕರೆಯುವ ಹಸು ಬಂದವು. ಅರ್ಧ ಕರಡಿಗೆ, ಅರ್ಧ ಧೂಮಾಕ್ಷನ ಹಿತ್ತಿಲಿಗೆ. ಹನ್ನೆರಡು ವರ್ಷದಲ್ಲಿ ಕರಡಿ ಆನೆಯಷ್ಟಾಗಿ ಬಾಗಿಲಿಗೇ ಅಡ್ಡವಾಯಿತು. ಜನ ಗೊಣಗುತ್ತಿದ್ದರು, ಕೊಡುತ್ತಿದ್ದರು. "ಇರಲಿ ಬಿಡಿ, ನಮ್ಮ ಕೆಲಸ ಆದರೆ ಸಾಕು," ಎನ್ನುತ್ತಿದ್ದರು. ಸಂತೆಯಲ್ಲಿ ಯಾರೋ, "ಮೊದಲ ಪಾಲು ಇಟ್ಟವನು ಮಹಾ ಬುದ್ಧಿವಂತ ಕಣ್ರಯ್ಯಾ," ಎಂದಾಗ ಕೇತಯ್ಯ ಪಕ್ಕದಲ್ಲೇ ಇದ್ದ. ನಾನೇ ಅದು ಎನ್ನಲಿಲ್ಲ. ಆದರೆ ಒಳಗೊಳಗೆ ಸ್ವಲ್ಪ ಹಿಗ್ಗಿದ. ಆ ಹಿಗ್ಗನ್ನು ನೆನೆದು ಅವನು ಮುಂದೆ ಎಷ್ಟೋ ಸಲ ತಲೆ ಚಚ್ಚಿಕೊಂಡ.

ಆ ವರ್ಷ ಅವನ ಹೆಂಡತಿ ಬೊಮ್ಮಕ್ಕನ ಕಣ್ಣಿಗೆ ಪೊರೆ ಕವಿಯಿತು. ಹಾಡಿಯ ಮದ್ದಿನ ಮುದುಕಿ ರೆಪ್ಪೆ ಎತ್ತಿ ನೋಡಿ, "ಇದಕ್ಕೆ ಅರಮನೆ ವೈದ್ಯರ ಹತ್ರ ಮಾತ್ರ ಮದ್ದದೆ. ಮುತ್ತುಗದ ಹೂವು ಪೂರಾ ಉದುರೋದ್ರೊಳಗೆ ಹಾಕಿಸ್ಬೇಕು. ಆಮೇಲೆ ಹಾಕಿಸಿದ್ರೂ ಒಂದೇ, ಬಿಟ್ರೂ ಒಂದೇ," ಎಂದಳು. ಅರಮನೆಯ ವೈದ್ಯ ಯಾರಿಗೂ ಇಲ್ಲ ಎನ್ನುವವನಲ್ಲ. ಆದರೆ ಅವನಿದ್ದದ್ದು ಬಾಗಿಲಿನ ಒಳಗೆ.

ಕೇತಯ್ಯ ಒಂದು ಕೊಡ ಜೇನು ಹೊತ್ತು ಹೋದ. ಕರಡಿ ಒಂದೇ ಗುಟುಕಿಗೆ ಕುಡಿದು, "ನನ್ನ ಪಾಲು?" ಎಂದಿತು.

"ಈಗ ತಾನೇ ಕೊಟ್ನಲ್ಲ ಸ್ವಾಮಿ!" ಎಂದ ಕೇತಯ್ಯ.

ಧೂಮಾಕ್ಷ ಅಡಿಕೆ ಮೆಲ್ಲುತ್ತ, "ಅದು ಬಾಯಿ ಮುಕ್ಕಳಿಸಿದ್ದಕ್ಕಾಯ್ತು. ನಿಮ್ಮ ಜೇನುಬಂಡೆ ಇದೆಯಲ್ಲ, ಅದನ್ನು ಕರಡಿ ಹೆಸರಿಗೆ ಬಿಟ್ಟುಕೊಡು. ಇವತ್ತೇ ಮದ್ದು ತಗೊಂಡು ಹೋಗು," ಎಂದ.

ಆ ಬಂಡೆಯಿಂದ ಹನ್ನೆರಡು ಮನೆಗಳಲ್ಲಿ ಒಲೆ ಉರಿಯುತ್ತಿತ್ತು. ಕೇತಯ್ಯ ಮನೆಗೆ ಬಂದು ಹೆಂಡತಿಗೆ ಹೇಳಿದ. ಬೊಮ್ಮಕ್ಕ ಮಬ್ಬು ಕಣ್ಣನ್ನು ಅವನ ಮುಖದ ಕಡೆ ತಿರುಗಿಸಿ ಕೂತಳು.

"ಬಂಡೆ ಕೊಡಬ್ಯಾಡ. ನನಗೊಬ್ಬಳಿಗೆ ಕಣ್ಣು ಬಂದು ಹನ್ನೆರಡು ಮನೆ ಕತ್ಲಾದ್ರೆ ನಾನು ನೋಡೋದಾದ್ರೂ ಏನ? ಆದ್ರೆ ನನ್ನ ಕಣ್ಣೂ ನನಗೆ ಬೇಕು ಕಣಯ್ಯ. ಶುರು ಮಾಡಿದವ ನೀನು. ನೀನೇ ಹೋಗಿ ಮುಗಿಸಿ ಬಾ. ಬ್ಯಾಗ ಬಾ."

ಕೇತಯ್ಯ ಮೊದಲು ಕತ್ತಿ ಹಿಡಿದು ಹೋದ. ಜೇನುಹುಟ್ಟು ಕೊಯ್ಯುವ ಕತ್ತಿಯಿಂದ ಕರಡಿಯ ಕಾಲಿಗೆ ಬಲವಾಗಿ ಹೊಡೆದ. ಗಾಯದಿಂದ ರಕ್ತ ಬರಲಿಲ್ಲ, ಜೇನು ಸುರಿಯಿತು. ಕರಡಿ ಕುಂಟುತ್ತ ಹಿಂದೆ ಸರಿಯಿತು. ಅಷ್ಟರಲ್ಲಿ ಸಾಲಿನಲ್ಲಿದ್ದ ಕುಂಬಾರ ನಂಜಪ್ಪ ಹೆದರಿ ಓಡಿ ಬಂದು, ತನ್ನ ಕೈಯಲ್ಲಿದ್ದ ತುಪ್ಪದ ಗಡಿಗೆಯನ್ನು ಕರಡಿಯ ಮುಂದಿಟ್ಟ. ಕರಡಿ ನೆಕ್ಕಿತು, ಗಾಯ ಮಾಯಿತು. "ನಮ್ಮ ಕೆಲಸಕ್ಕೆ ಯಾಕಪ್ಪಾ ಕಲ್ಲು ಹಾಕ್ತೀಯ?" ಎಂದು ಜನ ಕೇತಯ್ಯನನ್ನೇ ಬೈದು ಅಟ್ಟಿದರು.

ಎರಡನೆಯ ಸಲ ಬಳ್ಳಿಯ ಏಣಿ ಹಿಡಿದು ಹೋದ. ಉರಿಬಿಸಿಲಿನಲ್ಲಿ ಕಾವಲುಗಾರರು ತೂಕಡಿಸುವಾಗ ಕೋಟೆಗೋಡೆ ಹತ್ತಿ ರಾಜನ ಅಂಗಳಕ್ಕೇ ಇಳಿದ. ಶಾಂತವರ್ಮ ಒಬ್ಬನೇ ಕೂತು ನಗುತ್ತಿದ್ದ.

"ಮಹಾಸ್ವಾಮಿ, ಬಾಗಿಲಲ್ಲಿ ಕರಡಿ ನಮ್ಮನ್ನ ತಿಂತಾ ಇದೆ!" ಎಂದು ಕೇತಯ್ಯ ಕೂಗಿದ.

"ಸಂತೋಷ, ಸಂತೋಷ. ಎಲ್ಲರೂ ಸುಖವಾಗಿದ್ದೀರಿ ತಾನೇ?" ಎಂದ ರಾಜ.

ಹತ್ತಿರ ಹೋಗಿ ನೋಡಿದರೆ ರಾಜನ ಎರಡು ಕಿವಿಯಲ್ಲೂ ಜೇನುಮೇಣ ತುಂಬಿತ್ತು. ಕೇತಯ್ಯ ಉಗುರಿನಿಂದ ಕೆರೆದು ತೆಗೆದ. ಹೊರಗೆ ಬಾಗಿಲಲ್ಲಿ ಯಾರೋ ಪಾಲಿಟ್ಟರು. ಒಳಗೆ ಕಿವಿಯಲ್ಲಿ ಒಂದು ಹನಿ ಮೇಣ ಮೂಡಿತು. ಇನ್ನೊಬ್ಬರು ಇಟ್ಟರು, ಇನ್ನೊಂದು ಹನಿ. ಕೇತಯ್ಯ ಕೆರೆದಷ್ಟೂ ತುಂಬಿತು. ಕಾವಲುಗಾರರು ಬಂದು ಅವನನ್ನು ಹೊರಗೆ ದಬ್ಬಿದರು.

ಆಗ ಅವನಿಗೆ ಅರ್ಥವಾಯಿತು. ಕರಡಿಯ ಬಲ ಕರಡಿಯಲ್ಲಿಲ್ಲ. ಸಾಲಿನಲ್ಲಿ ನಿಂತವರ ಕೈಯಲ್ಲಿದೆ. ಆ ಕೈಗಳಿಗೆ ಪಾಠ ಹೇಳಿಕೊಟ್ಟವನು ತಾನು. ಎಲ್ಲರೆದುರು ನಿಂತು ಅದನ್ನು ಹೇಳಬೇಕು. ಇದು ಮೂರನೆಯ ಸಲ, ಮತ್ತು ಇದರಲ್ಲಿ ಕತ್ತಿಯಿಲ್ಲ, ಏಣಿಯಿಲ್ಲ, ಬಾಯಿ ಬಿಟ್ಟರೆ ಸಾಕಿತ್ತು.

ಬಾಯಿ ಬರಲಿಲ್ಲ. ಮೊದಲ ದಿನ ಸಾಲಿನ ಪಕ್ಕ ಹೋಗಿ ನಿಂತ, ಸಂಜೆಗೆ ಹಾಗೇ ಹಿಂದಿರುಗಿದ. ಎರಡನೆಯ ದಿನ ಜನ ಕಲ್ಲು ಹೊಡೆದರೆ ಎಂದು ಅನ್ನಿಸಿತು. ಮೂರನೆಯ ದಿನ ಜನ ನಕ್ಕರೆ ಎಂದು ಅನ್ನಿಸಿತು, ಅದು ಕಲ್ಲಿಗಿಂತ ಹೆಚ್ಚು ಹೆದರಿಸಿತು. ದೂರದ ಗುಡ್ಡದಲ್ಲಿ ಮುತ್ತುಗದ ಕೆಂಪು ದಿನದಿನಕ್ಕೂ ತೆಳ್ಳಗಾಗುತ್ತಿತ್ತು. ಬಂಡೆಯ ನೆತ್ತಿಯಿಂದ ನೇತಾಡಲು ಹೆದರದವನು ನಾಲ್ಕು ಜನರ ಮುಖ ನೋಡಲು ಹೆದರಿ ಮೂರು ದಿನ ನಿಂತ.

ನಾಲ್ಕನೆಯ ದಿನ ಒಬ್ಬ ಬಾಣಂತಿ ತನ್ನ ಮಗುವಿನ ತೊಟ್ಟಿಲನ್ನು ಹೊತ್ತು ತಂದು ಕರಡಿಯ ಮುಂದಿಡಲು ಹೋದಳು. ಮನೆಯಲ್ಲಿ ಉಳಿದಿದ್ದು ಅದೊಂದೇ. ಕೇತಯ್ಯ ಅಡ್ಡ ಹೋಗಿ ನಿಂತ.

"ತಾಯೀ, ಇಡಬ್ಯಾಡ. ಮೊದಲನೇ ಪಾಲು ಇಟ್ಟೋನು ನಾನು. ಅದು ಬರೀ ಕಲ್ಲಾಗಿತ್ತು. ನನ್ನ ಕೆಲಸ ಆದಮೇಲೆ ಇಟ್ಟೆ, ಖುಷಿಗೆ ಇಟ್ಟೆ. ಅದಕ್ಕೂ ಕೆಲಸಕ್ಕೂ ಏನೂ ಸಂಬಂಧ ಇರಲಿಲ್ಲ. ನೀವೆಲ್ಲ ತಪ್ಪು ತಿಳಿದ್ರಿ, ನಾನು ಗೊತ್ತಿದ್ದೂ ಸುಮ್ನಿದ್ದೆ. ತಪ್ಪು ನಂದು!"

ಕರಡಿ ನಡುಗಿತು. ಎಲ್ಲರ ಕಣ್ಣೆದುರೇ ಒಂದು ಗೇಣು ಕುಗ್ಗಿತು.

ಜನ ಬೈದರು, ಒಂದಿಬ್ಬರು ಹೊಡೆದರು ಕೂಡ. ಆಮೇಲೆ ಗಾಣದ ಮುದುಕಿ ಚೆನ್ನಜ್ಜಿ ಎದ್ದು, "ಅವನನ್ನ ಬೈದು ಏನು ಬಂತು? ಹನ್ನೆರಡು ವರ್ಷ ಎಣ್ಣೆ ಸುರಿದವಳು ನಾನು. ನನ್ನ ಸರದಿ ಮುಂದೆ ಬರಲಿ ಅಂತ ಪಕ್ಕದವಳಿಗಿಂತ ಒಂದು ಕುಡಿಕೆ ಜಾಸ್ತೀನೇ ಸುರಿದೆ. ತಪ್ಪು ನಂದೂ ಅದೆ," ಎಂದಳು. ಕರಡಿ ಇನ್ನೊಂದು ಗೇಣು ಕುಗ್ಗಿತು. ಒಬ್ಬೊಬ್ಬರೇ ಹೇಳತೊಡಗಿದರು.

ಅಷ್ಟೂ ಜನ ಬಾಗಿಲ ಮುಂದೆ ಬರಿಗೈಯಲ್ಲಿ ಕೂತುಬಿಟ್ಟರು. ಯಾರೂ ಕೊಡುವುದಿಲ್ಲ, ಯಾರೂ ಮುಂದೆ ನುಗ್ಗುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಅಹವಾಲನ್ನು ಎಲ್ಲರಿಗೂ ಕೇಳುವಂತೆ ಕೂಗಿಯೇ ಒಳಗೆ ಹೋಗಬೇಕು ಎಂದು ಮಾತಾಯಿತು. ಧೂಮಾಕ್ಷ ಬಂದು ಒಬ್ಬೊಬ್ಬರ ಕಿವಿಯಲ್ಲೂ ಪಿಸುಗುಟ್ಟಿದ. "ನೀನೊಬ್ಬ ಹಿಂದಿನ ಬಾಗಿಲಿಗೆ ಬಾ. ನಿನಗೆ ಅರ್ಧ ಪಾಲು ಸಾಕು." ಕುಂಬಾರ ನಂಜಪ್ಪ ಎದ್ದು ನಾಲ್ಕು ಹೆಜ್ಜೆ ಹಾಕಿದ. ಎಲ್ಲರೂ ಅವನನ್ನೇ ನೋಡಿದರು. ನಂಜಪ್ಪ ತಲೆ ಕೆರೆದುಕೊಂಡು ವಾಪಸು ಬಂದು ಕೂತ.

ಕರಡಿ ಮೊದಲ ದಿನ ಗರ್ಜಿಸಿತು. ಎರಡನೆಯ ದಿನ ಗೋಗರೆಯಿತು. ಮೂರನೆಯ ದಿನ, "ನನ್ನ ಪಾಲು?" ಎಂದು ಧೂಮಾಕ್ಷನ ಕಡೆ ತಿರುಗಿತು. ಹಿತ್ತಿಲು ದೂರವಿತ್ತು, ಆ ಗಳಿಗೆಯಲ್ಲಿ ಕೊಡಲು ಅವನ ಹತ್ತಿರ ತನ್ನನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಕರಡಿ ಅವನನ್ನು ಒಂದೇ ಸಲ ನುಂಗಿ, ಮೊದಲಿನಂತೆ ಕಲ್ಲಾಗಿ ಕೂತಿತು. ನೆಲದ ಮೇಲೆ ಒಂದು ಹಿಡಿ ಬೂದಿ ಉಳಿಯಿತು.

ರಾಜನ ಕಿವಿಯಿಂದ ಮೇಣ ಕರಗಿ ಹೆಗಲ ಮೇಲೆ ಸೋರಿತು. ಹೊರಗಿನ ಗದ್ದಲ ಕೇಳಿ ಓಡಿ ಬಂದ. ಎಲ್ಲವನ್ನೂ ಕೇಳಿ ಬಾಗಿಲ ಮೆಟ್ಟಿಲ ಮೇಲೆ ಕೂತ. "ಹನ್ನೆರಡು ವರ್ಷ ಒಂದೇ ಒಂದು ದೂರೂ ಕಿವಿಗೆ ಬೀಳಲಿಲ್ಲ. ನನಗೆ ಅನುಮಾನ ಬರಬೇಕಿತ್ತು," ಎಂದು ಅತ್ತ. ಅವನ ಅಳುವನ್ನು ಜನ ನಂಬಿದರು. ಆದರೆ ಬಾಗಿಲನ್ನು ಮತ್ತೆ ಅವನ ಕೈಗೆ ಪೂರ್ತಿ ಬಿಡಲಿಲ್ಲ. ದಿನಕ್ಕಿಬ್ಬರು ಪ್ರಜೆಗಳು ಸರದಿಯ ಮೇಲೆ ಬಾಗಿಲಲ್ಲಿ ಕೂರುವುದೆಂದು ಗೊತ್ತು ಮಾಡಿದರು.

ಕೇತಯ್ಯ ವೈದ್ಯನ ಕೈ ಹಿಡಿದು ಎಳೆದುಕೊಂಡೇ ಹಾಡಿಗೆ ಬಂದ. ದಾರಿಯ ಮುತ್ತುಗದ ಮರಗಳಲ್ಲಿ ಒಂದು ಹೂವೂ ಉಳಿದಿರಲಿಲ್ಲ. ವೈದ್ಯ ಬೊಮ್ಮಕ್ಕನ ರೆಪ್ಪೆ ಎತ್ತಿ ನೋಡಿದ, ಮದ್ದಿನ ಸೋರೆಬುರುಡೆಯನ್ನು ಮತ್ತೆ ಮುಚ್ಚಿದ.

"ಮೂರು ದಿನ ಮೊದಲು ಕರೆದಿದ್ದರೆ ಆಗುತ್ತಿತ್ತು ತಾಯಿ," ಎಂದ.

ಕೇತಯ್ಯ ಅವಳ ಪಕ್ಕ ಕೂತ. ಮುಚ್ಚಿಟ್ಟು ಸಾಕಾಗಿತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಆ ಮೂರು ದಿನ ನಾನು ಅಲ್ಲೇ ಸುಮ್ನೆ ನಿಂತಿದ್ದೆ ಕಣಮ್ಮಿ. ಬಾಯಿ ಬಿಡಲಿಲ್ಲ."

"ಕರಡಿಗೆ ಹೆದರಿದ್ಯಾ?"

"ಇಲ್ಲ. ಜನ ಏನಂತಾರೋ ಅಂತ."

ಬೊಮ್ಮಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಏಳುಬಂಡೆ ರಾಜ್ಯದಲ್ಲಿ ಧೂಮಾಕ್ಷನ ಹಿತ್ತಿಲಲ್ಲಿದ್ದ ಎತ್ತು ಜನರ ಹಟ್ಟಿಗೆ ಬಂದವು, ತುಪ್ಪ ಮಕ್ಕಳ ಅನ್ನಕ್ಕೆ ಬಿತ್ತು, ಎಲ್ಲರೂ ಸುಖವಾಗಿ ಬಾಳಿದರು. ಹಾಡಿಯ ಸರದಿ ಬಂದಾಗ ಬಾಗಿಲಲ್ಲಿ ಕೂರಲು ಬೊಮ್ಮಕ್ಕ ತಾನೇ ಹೋಗುತ್ತೇನೆಂದು ಹಟ ಹಿಡಿದಳು. ಯಾರು ಎಷ್ಟು ಮೆಲ್ಲಗೆ ಏನನ್ನು ಕೆಳಗಿಟ್ಟರೂ ಅವಳಿಗೆ ಕೇಳಿಸುತ್ತಿತ್ತು. ಅವಳಿದ್ದ ದಿನ ಬಾಗಿಲಲ್ಲಿ ಕಳ್ಳಾಟ ನಡೆಯುತ್ತಿರಲಿಲ್ಲ.

ಒಮ್ಮೆ ಅವಳನ್ನು ಕರೆದುಕೊಂಡು ಹೋಗುವಾಗ ಕೇತಯ್ಯ ತಡೆಯಲಾರದೆ ಕೇಳಿಯೇಬಿಟ್ಟ. "ನನ್ನ ಮೇಲಿನ ಸಿಟ್ಟು ಹೋಯ್ತಾ?"

"ಹೋಗಿಲ್ಲ ಕಣಯ್ಯ. ಹೋಗ್ತದೋ ಇಲ್ವೋ ಗೊತ್ತಿಲ್ಲ," ಎಂದಳು ಬೊಮ್ಮಕ್ಕ. "ಸಂಕ ಬಂತು ಅಂತ ಕಾಣ್ತದೆ, ನೀರಿನ ಸದ್ದು ಕೇಳ್ತಾ ಅದೆ. ಕೈ ಹಿಡ್ಕೊ."

ಕೇತಯ್ಯ ಕೈ ಹಿಡಿದು ದಾಟಿಸಿದ.