ಎಂಬೀರಾ ಮತ್ತು ಸ್ಪೇಸ್ ಬಾರ್

"ಟೂಂ ಟೀಂ ಟುಯ್ಯ್... ಟೀಂ!"

"ಅಕ್ಕಾ, ನಿನ್ನ ಲ್ಯಾಪ್‌ಟಾಪ್‌ಗೆ ನೆಗಡಿ!" ಕುಡಾ ಮೂಗು ಹಿಡಿದುಕೊಂಡು ಅದೇ ರಾಗ ಎಳೆದ. ಬಾಯಲ್ಲಿದ್ದ ಜೋಳದ ಅರಳು ಅಂಗಳದ ತುಂಬ ಹಾರಿತು.

"ಸುಮ್ನಿರೋ ಕೋತಿ! ಸೆಕುರುಗೆ ಕೇಳಿಸ್ಬೇಕು," ಎಂದು ಶಾಮಿಸೊ ಗದರಿದಳು.

ಸೆಕುರು ಎಂದರೆ ಅವರ ಅಜ್ಜ. ಹಲಗೆಗೆ ಜೋಡಿಸಿದ ಕಡ್ಡಿಗಳನ್ನು ಹೆಬ್ಬೆರಳಿಂದ ಮೀಟುವ ಅಜ್ಜನ ವಾದ್ಯ, ಎಂಬೀರಾ, ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಜೊತೆಗೆ ನುಡಿಸುತ್ತಿದ್ದ ಗೆಳೆಯ ಗ್ವಾತಿದ್ಜೊ ಅಜ್ಜ ಹರಾರೆ ಬಿಟ್ಟು ದೂರದ ಮುಟಾರೆ ಊರಲ್ಲಿರುವ ಮಗಳ ಮನೆಗೆ ಹೋದ ಮೇಲೆ, ಸೆಕುರು ಅದರ ಕಬ್ಬಿಣದ ಕಡ್ಡಿಗಳನ್ನು ಮುಟ್ಟಿರಲೇ ಇಲ್ಲ.

ಅಜ್ಜ ಮತ್ತೆ ನುಡಿಸಬೇಕು. ಶಾಮಿಸೊಳಿಗೆ ಇದ್ದದ್ದು ಅದೊಂದೇ ಆಸೆ. ಕೋಡಿಂಗ್ ಟೀಚರನ್ನು ಕಾಡಿ ಬೇಡಿ ಶಾಲೆಯ ಲ್ಯಾಪ್‌ಟಾಪ್ ತಂದಿದ್ದಳು. ಒಂದೊಂದು ಕಡ್ಡಿಯನ್ನೂ ಮೀಟಿ, ಕಿವಿಗೊಟ್ಟು, ಅದರ ಸ್ವರಕ್ಕೆ ಹೊಂದುವ ನಂಬರನ್ನು ಕೋಡ್‌ನಲ್ಲಿ ಬರೆದಿದ್ದಳು.

ಸೆಕುರು ಕಣ್ಣು ಮುಚ್ಚಿ ಕೇಳಿದರು. "ಚೆನ್ನಾಗಿದೆ ಕಣಮ್ಮಾ. ಆದ್ರೆ ಇದ್ಯಾರು?"

"ನೀವೇ! ನೀವು ನುಡಿಸೋದೇ ಇದು."

"ಅಯ್ಯೋ, ನಾನು ಇಲ್ಲೇ ಗುಂಡುಕಲ್ಲಿನ ಹಾಗೆ ಕೂತಿದೀನಲ್ಲ! ನನ್ನ ಪಾಲನ್ನ ಇದೇ ನುಡಿಸಿದ್ರೆ ನಾನೇನು ಸೌದೆ ಒಡೀಲಾ? ಒಬ್ಬ ನುಡಿಸ್ತಾ ಮುಂದೆ ಹೋಗ್ತಾನೆ, ಇನ್ನೊಬ್ಬ ಹಿಂದೇನೇ ಹೆಣೀತಾ ಬರ್ತಾನೆ. ಆ ಇನ್ನೊಬ್ಬ ಎಲ್ಲಿ?"

ಶಾಮಿಸೊಳ ಮುಖ ಸಪ್ಪಗಾಯಿತು. ಇಡೀ ಕೋಡ್ ಬರೆದದ್ದು ಸೆಕುರು ಪಾಲಿಗೆ, ಬೇಕಿದ್ದದ್ದು ಇನ್ನೊಬ್ಬ ಅಜ್ಜನದು!

"ಹಾಗಾದ್ರೆ ಗ್ವಾತಿದ್ಜೊ ಅಜ್ಜಂದು ಹಾಡಿ ತೋರಿಸಿ."

ಸೆಕುರು ಥೇಟ್ ಗ್ವಾತಿದ್ಜೊ ಅಜ್ಜನ ಹಾಗೆ ತುಟಿ ಉಬ್ಬಿಸಿ, ಹುಬ್ಬು ಗಂಟಿಕ್ಕಿ ಗುನುಗಿದರು. ಕುಡಾ ಬಿದ್ದು ಬಿದ್ದು ನಕ್ಕ. ಶಾಮಿಸೊ ಟಕಟಕ ಟೈಪ್ ಮಾಡಿದಳು.

ಕೊನೆಗೂ ಎಂಬೀರಾ ಮೊಳೆಯಿಂದ ಇಳಿಯಿತು. ಸೆಕುರು ಅದನ್ನು ದೊಡ್ಡ ಸೋರೆಬುರುಡೆಯೊಳಗೆ ಸಿಕ್ಕಿಸಿ ಮೀಟಿದರು. ಬುರುಡೆಗೆ ಕಟ್ಟಿದ ಬಾಟಲಿ ಮುಚ್ಚಳಗಳು ಜುಂಯ್ ಎಂದವು. ಲ್ಯಾಪ್‌ಟಾಪ್ ಜೊತೆಗೂಡಿತು.

ಸ್ವಲ್ಪ ಹೊತ್ತು ಎಲ್ಲ ಸರಿ. ಆಮೇಲೆ ಸೆಕುರು ಒಂದು ಕಡೆ ಲಯವನ್ನು ಮೆಲ್ಲಗೆ ಎಳೆದರು. ಲ್ಯಾಪ್‌ಟಾಪ್ ಓಡಿಯೇಬಿಟ್ಟಿತು.

"ಏಯ್, ನಿಲ್ಲಪ್ಪಾ! ಬಸ್ ಹಿಡೀಬೇಕಾ ನಿಂಗೆ?"

ಅದು ನಿಲ್ಲಲಿಲ್ಲ. ಸೆಕುರು ಬೆನ್ನಟ್ಟಿದರು, ಎಡವಿದರು. ಬೆರಳುಗಳು ನಿಂತವು.

"ಗ್ವಾತಿದ್ಜೊ ನನಗೋಸ್ಕರ ಕಾಯ್ತಿದ್ದ," ಎಂದು ಮೆತ್ತಗೆ ಹೇಳಿ, ಎಂಬೀರಾವನ್ನು ಬುರುಡೆಯಿಂದ ಬಿಡಿಸತೊಡಗಿದರು.

"ಎತ್ತಿಡ್ಬೇಡಿ ಸೆಕುರು! ಒಂದೇ ನಿಮಿಷ!"

ಎಷ್ಟು ಹೊತ್ತು ತಡೆದು ಮುಂದಿನ ಸ್ವರ ನುಡಿಸಬೇಕು ಎಂದು ಬರೆದಿದ್ದ ಸಾಲುಗಳನ್ನೆಲ್ಲ ಶಾಮಿಸೊ ಅಳಿಸಿಹಾಕಿದಳು. ಈಗ ಸ್ಪೇಸ್ ಬಾರ್ ಒತ್ತಿದರೆ ಮಾತ್ರ ಒಂದು ಸ್ವರ. ಒತ್ತದಿದ್ದರೆ ಇಲ್ಲ.

"ಈಗ ಶುರು ಮಾಡಿ."

ಅವಳು ಒತ್ತಿದ ಮೊದಲ ಸ್ವರಗಳು ತಡವಾದವು.

"ಬಸ್ ಪಂಕ್ಚರ್!" ಕುಡಾ ಕೂಗಿದ.

ಸೆಕುರು ಮಾತ್ರ ನಿಲ್ಲಿಸಲಿಲ್ಲ. ಶಾಮಿಸೊ ಪರದೆ ನೋಡುವುದನ್ನು ಬಿಟ್ಟು ಅವರ ಕೈ ನೋಡಿದಳು. ಎಡ ಹೆಬ್ಬೆರಳು ಕೆಳಗಿಳಿಯುವ ಮುನ್ನ ಸೆಕುರು ಸಣ್ಣದೊಂದು ಉಸಿರು ಎಳೆದುಕೊಳ್ಳುತ್ತಿದ್ದರು. ಅಷ್ಟು ಸಲ ಪಕ್ಕದಲ್ಲೇ ಕೂತು ಕೇಳಿದ್ದರೂ ಅದು ಅವಳಿಗೆ ಕೇಳಿಸಿಯೇ ಇರಲಿಲ್ಲ.

ಮುಂದಿನ ಉಸಿರಿಗೆ ಅವಳೂ ಗ್ವಾತಿದ್ಜೊ ಅಜ್ಜನ ಹಾಗೆ, ಸ್ಪೇಸ್ ಬಾರ್ ಮೇಲೆ ಬೆರಳೆತ್ತಿ ಕಾದಳು.