ಸಂಕವ್ವನ ಡೊಂಕುಹಲ್ಲು ಮತ್ತು ನೂರು ನವಿಲುಹೊನ್ನು

ಬೆಟ್ಟಗಳು ಇನ್ನೂ ಎದ್ದು ನಡೆದಾಡುತ್ತಿದ್ದ ಕಾಲದಲ್ಲಿ ಮಿಂಚುಗಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಮಾರಭೂಪನಿಗೆ ಒಂದೇ ಹುಚ್ಚು. ಮುತ್ತಾತನ ಮುತ್ತಾತ ಅಚ್ಚು ಹಾಕಿಸಿದ್ದ ನವಿಲುಹೊನ್ನುಗಳನ್ನು ಕೂಡಿಸಿಡುವುದು. ಒಂದು ಹೊನ್ನು ತಂದವನಿಗೆ ಒಂದು ಊರನ್ನೇ ಬಿಟ್ಟುಕೊಡುತ್ತಿದ್ದ.

ಇದನ್ನು ಕೇಳಿ ಕರಿಮಂಡ ಎಂಬ ಮಾಂತ್ರಿಕ ಬಂದ. ನೂರು ಊರುಗಳ ನೆಲದಡಿಯ ಗಡಿಗೆಗಳಲ್ಲಿ ಸಿಕ್ಕವು ಎಂದು ನೂರು ಹೊನ್ನು ಸುರಿದ, ನೂರು ಊರು ನುಂಗಿದ. ಆ ವರ್ಷವೇ ಕಾಡಿನಲ್ಲಿ ನವಿಲಿನ ಕೂಗು ನಿಂತುಹೋಯಿತು. ಕೂಳು ತಿನ್ನುವ ಬಾಯಿಗಳಲ್ಲಿ ಒಂದಾದರೂ ಅದೇಕೆಂದು ಕೇಳಿತೆ? ಇಲ್ಲ.

ನೇಕಾರರ ಕೇರಿಯ ಮುದುಕಿ ಸಂಕವ್ವನ ಕೊರಳಲ್ಲೂ ಒಂದು ನವಿಲುಹೊನ್ನಿತ್ತು. ಅವಳ ಮಾವನಿಗೆ ಮಗ್ಗದ ಗುಂಡಿ ತೋಡುವಾಗ ಸಿಕ್ಕಿದ್ದು. ಹೊಸ ಸೊಸೆ ಹೊಸ್ತಿಲು ದಾಟಿದ ಕೂಡಲೇ ಗಂಡನ ಮನೆಯ ಚಿನ್ನವನ್ನು ಕಚ್ಚಿ ನೋಡುವುದು ಆ ಕೇರಿಯ ಪದ್ಧತಿ. ಸಂಕವ್ವನೂ ಕಚ್ಚಿದ್ದಳು. ಮುಂದೆ ಎಷ್ಟೋ ಕಾಲದ ಮೇಲೆ, ಆ ನೂರು ಹೊನ್ನು ಭಂಡಾರ ಸೇರುವ ಮುಂಚೆ, ಒಬ್ಬ ಬೈರಾಗಿ ಬಂದು, ಹೊಳಪು ಕೊಡುತ್ತೇನೆಂದು ಅದನ್ನು ಒಯ್ದು ಮರುದಿನ ತಂದುಕೊಟ್ಟಿದ್ದ. ಆ ಬೈರಾಗಿ ಬೇರೆ ಯಾರೂ ಅಲ್ಲ, ಕರಿಮಂಡನೇ.

ಅವಳ ಹೊನ್ನು ರಾಜಭಟರ ಕಣ್ಣಿಗೆ ಬಿತ್ತು. ನೋಡಿದರೆ ಭಂಡಾರದ ಹೊನ್ನಿಗೂ ಇದಕ್ಕೂ ಸವೆದ ಗೆರೆಗೆರೆಯೂ ಒಂದೇ. ನನ್ನದನ್ನು ಕದ್ದು ನೋಡಿ ಅಚ್ಚು ತೆಗೆದ ಕಳ್ಳಿ ಇವಳು ಎಂದ ಕರಿಮಂಡ. ರಾಜ ನಂಬಿದ. ಅಮಾವಾಸ್ಯೆಯೊಳಗೆ ನಿಜ ತೋರಿಸದಿದ್ದರೆ ಆನೆಯ ಕಾಲಿಗೆ ಹಾಕಿಸುತ್ತೇನೆ ಎಂದು ಮುದುಕಿಯನ್ನು ಸೆರೆಗೆ ತಳ್ಳಿದ.

ಮೊಮ್ಮಗ ದ್ಯಾವ ಅಳುತ್ತ ಬಂದು ಸೆರೆಮನೆಯ ಕಂಬಿ ಹಿಡಿದ.

"ಸಾಯೋಕೆ ನನಗೆ ಅಂಜಿಕೆ ಇಲ್ಲ, ಮಗಾ," ಎಂದಳು ಸಂಕವ್ವ. "ಕಳ್ಳಿ ಅನ್ನಿಸಿಕೊಂಡು ಸಾಯಲಾರೆ."

ದ್ಯಾವ ಕಣ್ಣೊರೆಸಿಕೊಂಡು ಹೊರಟ. ಕುದಿಯುವ ಮಡುವಿಗೆ ಧುಮುಕಿ, ಬೆನ್ನೇ ಒರೆಗಲ್ಲಾಗಿದ್ದ ಆಮೆಯನ್ನು ರಾಜಸಭೆಗೆ ಹೊತ್ತು ತಂದ. ಆಮೆ ಎಲ್ಲ ಹೊನ್ನನ್ನೂ ಬೆನ್ನಿಗೆ ಉಜ್ಜಿಸಿಕೊಂಡು, "ಚಿನ್ನ ಅಪ್ಪಟ. ಅಸಲು ಯಾವುದೋ ನಾನರಿಯೆ," ಎಂದಿತು.

ಮೋಡದ ಮೇಲಿನ ಮರ ಹತ್ತಿ ತಕ್ಕಡಿಹದ್ದನ್ನು ತಂದ. ಎಡಗಾಲಲ್ಲಿ ಅಜ್ಜಿಯ ಹೊನ್ನು, ಬಲಗಾಲಲ್ಲಿ ಭಂಡಾರದ ಹೊನ್ನು ಹಿಡಿದು ಹದ್ದು, "ತೂಕ ಸರಿ. ಅಸಲು ಯಾವುದೋ ನಾನರಿಯೆ," ಎಂದಿತು.

ಹುಲಿ ಕಾಯುವ ಗವಿಗೆ ನುಗ್ಗಿ ಕಂಚಿನ ಕಿವಿಯ ಮೊಲವನ್ನು ತಂದ. ಹೊನ್ನುಗಳನ್ನು ಕಲ್ಲುಹಾಸಿನ ಮೇಲೆ ಚೆಲ್ಲಿಸಿ, ಕಿವಿಗೊಟ್ಟು ಕೇಳಿ ಮೊಲ, "ದನಿ ಸರಿ. ಅಸಲು ಯಾವುದೋ ನಾನರಿಯೆ," ಎಂದಿತು.

"ಇನ್ನು ನಿಮ್ಮ ಕೇರಿಯ ಕೋಳಿಯನ್ನೂ ಕರೆದುಕೊಂಡು ಬಾರೋ," ಎಂದು ಕರಿಮಂಡ ಹಂಗಿಸಿದ. ಸಭೆಗೆ ಸಭೆಯೇ ನಕ್ಕಿತು.

ದ್ಯಾವ ನಗಲಿಲ್ಲ. ಅವನ ಕಣ್ಣು ಕೆಳಗೆ ಬಿದ್ದ ಹೊನ್ನುಗಳ ಮೇಲಿತ್ತು. ಒಂದೊಂದು ನವಿಲಿನ ಎದೆಯಲ್ಲೂ ಎರಡು ತಗ್ಗು, ಒಂದು ನೆಟ್ಟಗೆ, ಒಂದು ಡೊಂಕು. ಮಂತ್ರಿಗಳು ಅದನ್ನು ಟಂಕಸಾಲೆಯ ಗುರುತು ಎಂದುಕೊಂಡಿದ್ದರು. ದ್ಯಾವನಿಗೆ ಅದು ಬೇರೆ ಕಡೆ ಕಂಡ ಗುರುತು. ಅಜ್ಜಿ ಸೆರಗಿನ ಮೇಲಿಂದ ಕಚ್ಚಿ, ಕಾಗೆ ಎಂಜಲು ಮಾಡಿ ಕೊಡುತ್ತಿದ್ದ ಪ್ರತಿ ಸೀಬೆಹಣ್ಣಿನ ಮೇಲೂ ಅದೇ ಇರುತ್ತಿತ್ತು.

ಅವನು ಅಜ್ಜಿಯನ್ನು ಕರೆಸಿರೆಂದು ಬೇಡಿ, ಅವಳ ಕೈಗೆ ಒಂದು ಸೀಬೆಹಣ್ಣು ಕೊಟ್ಟ. ಉಳಿದಿದ್ದ ಎರಡೇ ಮುಂದಿನ ಹಲ್ಲಿನಲ್ಲಿ ಅವಳು ಕಚ್ಚಿದಳು. ಒಂದು ನೆಟ್ಟಗೆ, ಒಂದು ಡೊಂಕು. ಸಂಕವ್ವ ಆ ನೂರು ಹೊನ್ನನ್ನೂ ನೋಡಿದಳು, ಮಾಂತ್ರಿಕನನ್ನೂ ನೋಡಿದಳು.

"ಮಹಾಸ್ವಾಮಿ, ಒಂದನ್ನು ಕಚ್ಚಿದವಳು ನಾನು. ಇವು ನೂರು ಊರಿನ ನೆಲದಲ್ಲಿ ಸಿಕ್ಕವಂತೆ. ಹಾಗಾದರೆ ನಾನೇನು ನೂರು ಊರಿಗೆ ಸೊಸೆಯಾಗಿ ಹೋಗಿದ್ದೆನೆ? ನಾನು ಹುಟ್ಟೋಕೆ ಮುಂಚೆಯೇ ಹೂತಿಟ್ಟ ಗಡಿಗೆಯೊಳಗೆ ಹೊಕ್ಕು ಕಚ್ಚಿ ಬಂದೆನೆ? ಕೇಳಿ ಈ ಮೂಳನನ್ನು."

ಬಯಲಿಗೆ ಬಿದ್ದ ಮಾಯೆ ನಿಲ್ಲುವುದುಂಟೆ? ನೂರು ಹೊನ್ನೂ ನೂರು ನವಿಲಾಗಿ ರೆಕ್ಕೆ ಕೊಡವಿ ಎದ್ದವು. ಕಾಡಿನ ನವಿಲುಗಳನ್ನೇ ಹಿಡಿದು ಆ ಪಾಪಿ ಅಜ್ಜಿಯ ಹೊನ್ನಿನ ಅಚ್ಚಿಗೆ ಒತ್ತಿದ್ದ. ಮದುವೆಯಿಲ್ಲದ, ಮನೆಯಿಲ್ಲದ ಅವನಿಗೆ ಸೊಸೆಯ ಹಲ್ಲಿನ ಗುರುತು ಹೇಗೆ ತಿಳಿಯಬೇಕು? ನೋಡನೋಡುತ್ತ ಕರಿಮಂಡ ಕುಗ್ಗಿ ಕುಗ್ಗಿ, ಯಾವ ಅಂಗಡಿಯಲ್ಲೂ ನಡೆಯದ ಸವಕಲು ತಾಮ್ರದ ಕಾಸಾಗಿ ಉರುಳಿಹೋದ.

ರಾಜ ಸಿಂಹಾಸನದಿಂದ ಇಳಿದು ಮುದುಕಿಯ ಕಾಲು ಹಿಡಿದ. ನೂರು ಊರುಗಳೂ ಬಿಡುಗಡೆಯಾದವು. ದ್ಯಾವನ ಹೆಂಡತಿ ಹೊಸ್ತಿಲು ದಾಟಿದ ದಿನ ಅದೇ ಹೊನ್ನನ್ನು ಕಚ್ಚಿ, ಅಜ್ಜಿಯ ಗುರುತಿನ ಪಕ್ಕದಲ್ಲೇ ತನ್ನ ಗುರುತನ್ನೂ ಮೂಡಿಸಿದಳು. ಮಿಂಚುಗಲ್ಲಿನವರೆಲ್ಲ ಉಂಡುಟ್ಟು ಸುಖವಾಗಿ ಬಾಳಿದರು. ನಂಬದವರು ಆ ಕಾಡಿಗೆ ಹೋಗಿ ನವಿಲಿನ ಎದೆಗರಿ ಸರಿಸಿ ನೋಡಲಿ. ಇವತ್ತಿಗೂ ಅಲ್ಲಿವೆ ಎರಡು ತಗ್ಗು, ಒಂದು ನೆಟ್ಟಗೆ, ಒಂದು ಡೊಂಕು.