ಮಾರ್ಷ್ ಹಿಲ್‌ನವರು ಗೆದ್ದ ಮಧ್ಯಾಹ್ನ

"ಒಂದು ತಟ್ಟೆ ಪಿರೋಗಿ ಕೊಡು, ಲೋರ್ನಾ."

ಐಸ್ ಅಂಕಣದ ಕ್ಯಾಂಟೀನಿನಲ್ಲಿ ಬಿಸಿ ನೀರಿನಿಂದ ಆಲೂ ಕಡುಬು ಎತ್ತುತ್ತಿದ್ದ ಅವಳ ಜಾಲರಿ ಸೌಟು ಅಲ್ಲೇ ನಿಂತಿತು. ಮೂರು ಚಳಿಗಾಲ ಕೇಳದಿದ್ದ ಧ್ವನಿ... ತಲೆ ಎತ್ತುವ ಮೊದಲೇ ಗುರುತು ಸಿಕ್ಕಿತು.

ವೇಡ್! ಮೈಮೇಲೆ ಮಾರ್ಷ್ ಹಿಲ್ ಐಸ್ ಹಾಕಿ ತಂಡದ ಹಸಿರು ಜಾಕೆಟ್.

"ಬೇರೆ ಊರಿನವರಿಗೆ ಆಮೇಲೆ," ಎಂದಳು.

"ನಾನು ಹುಟ್ಟಿದ್ದು ಈ ಊರಲ್ಲೇ ಅಲ್ವಾ?"

"ಹುಟ್ಟಿದ್ದು ನಿನ್ನ ತಪ್ಪಲ್ಲ. ಬಿಟ್ಟು ಹೋಗಿದ್ದು ನಿನ್ನ ತಪ್ಪು. ನಡಿ, ಹಿಂದಿನವರು ಕಾಯ್ತಿದ್ದಾರೆ!"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನು ಚೀಲ ಹೆಗಲಿಗೇರಿಸಿಕೊಂಡು ಹೋದ. ಗೆದ್ದೆ ಎಂದುಕೊಂಡಳು ಲೋರ್ನಾ.

ಮೂರು ವರ್ಷದ ಹಿಂದೆ ಅವರಿಬ್ಬರ ಮದುವೆಗೆ ದಿನ ಗೊತ್ತಾಗಿತ್ತು. ಅದೇ ವಾರ ವೇಡ್ ತಮ್ಮೂರು ವೆಸ್ನಾದ ತಂಡ ಬಿಟ್ಟು ಪಕ್ಕದೂರಿನ ಮಾರ್ಷ್ ಹಿಲ್ ಸೇರಿದ. ಐವತ್ತು ವರ್ಷದ ಹಗೆಯ ಊರು ಅದು! ವೆಸ್ನಾ ತಂಡದ ಮ್ಯಾನೇಜರ್ ಆಗಿದ್ದ ಲೋರ್ನಾಳ ಅಪ್ಪ ಓರೆಸ್ಟ್, "ಕಪ್ ಆಸೆಗೆ ಓಡಿಹೋದ," ಎಂದು ಊರಿಗೆಲ್ಲ ಹೇಳಿದ. ಅಂದು ಸಂಜೆ ವೇಡ್ ಬಂದು ಬಾಗಿಲು ತಟ್ಟಿದಾಗ ಲೋರ್ನಾ ತೆರೆಯಲಿಲ್ಲ.

ಅಲ್ಲಿಂದ ಪ್ರತಿ ಪಂದ್ಯದಲ್ಲೂ ಅವನ ಕೋಲಿಗೆ ರಬ್ಬರ್ ಬಿಲ್ಲೆ ಸಿಕ್ಕಾಗಲೆಲ್ಲ ಎಲ್ಲರಿಗಿಂತ ಜೋರಾಗಿ ಬೈದವಳು ಅವಳೇ.

ಇಂದು ಭಾನುವಾರ, ಎರಡೂ ಊರುಗಳ ನಡುವೆ ಫೈನಲ್. ಕ್ಯಾಂಟೀನಿನ ಗಾಜಿನಾಚೆ ಆಟ ಶುರುವಾಯಿತು.

ಸೋಲಬೇಕು ಈ ಮಾರ್ಷ್ ಹಿಲ್‌ನವರು... ಹಲ್ಲು ಉದುರುವ ಹಾಗೆ ಸೋಲಬೇಕು!

ಆದರೆ ಹಾಳಾದವರು ಆಡುತ್ತಿದ್ದ ರೀತಿಯೇ ಹಾಗಿತ್ತು. ಒಬ್ಬನೂ ಬಿಲ್ಲೆಯನ್ನು ತನ್ನದೆಂದು ಕಟ್ಟಿಕೊಂಡು ಓಡಲಿಲ್ಲ. ಒಬ್ಬನಿಂದ ಇನ್ನೊಬ್ಬನಿಗೆ ಮೂರು ತಳ್ಳು, ಗೋಲು! ನಮ್ಮ ವೆಸ್ನಾ ಹುಡುಗರೋ, ಒಬ್ಬೊಬ್ಬನೂ ತಾನೇ ಹೊಡೆಯಬೇಕೆಂದು ಹೋಗಿ ಗೋಡೆಗೆ ಗುದ್ದಿಕೊಳ್ಳುತ್ತಿದ್ದರು. ಗೋಲು ಕಾಯಲು ಹಿಂದೆ ನಿಂತಿದ್ದ ರಕ್ಷಣಾ ಆಟಗಾರ ವೇಡ್ ಅವಸರವೇ ಪಡಲಿಲ್ಲ. ಎದುರಾಳಿ ಎಲ್ಲಿಗೆ ಬರುತ್ತಾನೋ ಅಲ್ಲಿ ಮೊದಲೇ ಇರುತ್ತಿದ್ದ.

'ಇಷ್ಟು ಚೆನ್ನಾಗಿ ಇವನು ನಮ್ಮಲ್ಲಿ ಯಾವತ್ತೂ ಆಡಿರಲಿಲ್ಲ...'

ಹಾಗೆ ಅಂದುಕೊಂಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗಾಜು ಬಡಿದು ಕೂಗಿದಳು, "ದ್ರೋಹಿ!"

"ಏನಮ್ಮ, ಗಾಜು ಒಡೀತೀಯಾ?" ಮಾರ್ಷ್ ಹಿಲ್‌ನ ಸ್ಟೆಲ್ಲಾ ಅಜ್ಜಿ ಹಸಿರು ಟೋಪಿ ಸರಿಮಾಡಿಕೊಳ್ಳುತ್ತ ಪಕ್ಕಕ್ಕೆ ಬಂದಳು. "ಮೂರು ವರ್ಷದಿಂದ ಇದೇ ಮಾತು ಕೇಳಿ ಕಿವಿ ಹೋಯ್ತು. ದ್ರೋಹಿ ಅಂತೀಯಲ್ಲ, ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದು ಯಾರು?"

ಲೋರ್ನಾ ಗಾಜಿನಿಂದ ಕೈ ತೆಗೆದಳು.

ಯಾರಿಗೆ ಗೊತ್ತಿಲ್ಲ ಈ ನಿಯಮ? ಸ್ವಂತ ಊರಿನ ಮ್ಯಾನೇಜರ್ ಸಹಿ ಹಾಕಿ ಬಿಡುಗಡೆ ಕೊಡದಿದ್ದರೆ ಆಟಗಾರ ಬೇರೆ ಊರಿಗೆ ಆಡುವಂತೆಯೇ ಇಲ್ಲ. ಹತ್ತು ವರ್ಷದ ಹುಡುಗರಿಗೂ ಗೊತ್ತು! ಆದರೂ ಇಡೀ ವೆಸ್ನಾದಲ್ಲಿ ಒಬ್ಬರೂ ಕೇಳಿರಲಿಲ್ಲ. ಬೈಯುವುದರಲ್ಲಿ ಅಷ್ಟು ಸುಖವಿತ್ತು.

ನಾಲ್ಕು-ಒಂದು. ಮಾರ್ಷ್ ಹಿಲ್‌ಗೆ ಸತತ ಮೂರನೇ ಕಪ್.

ಆಟಗಾರರು ಕೈಕುಲುಕಲು ಸಾಲಾಗುತ್ತಿದ್ದಾಗ ಲೋರ್ನಾ ಅಪ್ಪನ ಬೆಂಚಿಗೆ ನುಗ್ಗಿದಳು.

"ಅಪ್ಪ, ವೇಡ್ ಬಿಡುಗಡೆ ಕೇಳಿದ್ನಾ? ಇಲ್ಲಾ ನೀನಾಗೇ ಕೊಟ್ಟೆಯಾ?"

"ಈಗ ಅದೆಲ್ಲ ಯಾಕೆ? ಸೋತು ಕೂತಿದ್ದೀವಿ..."

"ಕೇಳಿದ್ನಾ?"

ಓರೆಸ್ಟ್ ಮುಖ ತಿರುಗಿಸಿದ. "ಕಾಲು ನಿಧಾನ ಆಗಿತ್ತು ಅವನದು. ಚಿಕ್ಕ ಹುಡುಗರು ಬೇಕಿತ್ತು ನಂಗೆ. ನಾನೇ ತೆಗೆದುಹಾಕಿದೆ ಅಂದ್ರೆ ಊರಿನವರು ನನ್ನ ಸುಮ್ನೆ ಬಿಡ್ತಿದ್ರಾ?"

"ನನ್ನ ಮದುವೆ ಮುರೀತಲ್ಲ ಅಪ್ಪ!"

"ಮುರಿದಿದ್ದು ನೀನು. ನಾನು ಬಾಗಿಲು ಹಾಕು ಅಂದಿದ್ನಾ?"

ಕೆನ್ನೆಗೆ ಹೊಡೆದಂತಾಯಿತು. ಏಕೆಂದರೆ ಮಾತು ನಿಜವಾಗಿತ್ತು.

ಹೊರಗೆ ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ವೇಡ್ ಚೀಲವನ್ನು ಲಾರಿಯ ಹಿಂದಕ್ಕೆ ಎಸೆಯುತ್ತಿದ್ದ.

"ಯಾಕೆ ಹೇಳಲಿಲ್ಲ ನೀನು?" ಅವಳು ಕಿರುಚಿದಳು.

ಏನೆಂದು ಅವನು ಕೇಳಲಿಲ್ಲ. "ಹೇಳೋಕೇ ಬಂದಿದ್ದೆ. ಬಾಗಿಲ ಹತ್ರ ಅರ್ಧ ಗಂಟೆ ನಿಂತಿದ್ದೆ."

"ಆಮೇಲೆ? ಮೂರು ವರ್ಷ ಇತ್ತಲ್ಲ!"

"ನಂಗೂ ಸಿಟ್ಟಿತ್ತು ಲೋರ್ನಾ. ಒಂದು ಮಾತು ಕೇಳದೆ ನಂಬಿಬಿಟ್ಟೆಯಲ್ಲ ಅಂತ. ಹೇಳಿದ್ರೂ ಅಪ್ಪನ್ನ ಬಿಟ್ಟು ನನ್ನ ನಂಬ್ತಿದ್ದೆಯಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದಳು.

ಅವನು ಕಹಿಯಾಗಿ ನಕ್ಕ. "ಈಗ ಮೂವತ್ತಮೂರು ನಂಗೆ. ಮೊಣಕಾಲು ಹೋಗಿದೆ. ಇದೇ ಕೊನೆ ಆಟ. ನೀನು ಬೈಯೋದನ್ನೇ ಕೇಳ್ತಾ ಮುಗಿಸಿದೆ."

ಲೋರ್ನಾಳ ಕಣ್ಣು ತುಂಬಿತು. ಮೂರು ವರ್ಷ... ಯಾವ ಕಪ್‌ಗೂ ತಿರುಗಿ ತರಲಾಗದ ಮೂರು ವರ್ಷ! ಕ್ಷಮಿಸು ಎನ್ನಲು ಬಾಯಿ ತೆರೆದಳು. ಬಂದಿದ್ದು ಬೇರೆಯೇ ಮಾತು.

"ಚೆನ್ನಾಗಿ ಆಡಿದ್ರಿ."

"ಏನಂದೆ?"

"ಚೆನ್ನಾಗಿ ಆಡಿದ್ರಿ ಅಂದೆ! ನೀನೂ, ನಿನ್ನ ಆ ಹಾಳು ಊರೂ. ನಮಗಿಂತ ಚೆನ್ನಾಗಿ. ಮೂರು ವರ್ಷದಿಂದಲೂ. ಸಾಕಾ?"

ವೇಡ್ ಕೈಗವಸು ಕಳಚಿ ಅವಳ ಕೆನ್ನೆ ಒರೆಸಿದ.

"ವೆಸ್ನಾದವಳ ಬಾಯಲ್ಲಿ ಈ ಮಾತು... ತುಂಬ ನೋವಾಯ್ತಾ?"

"ಪ್ರಾಣ ಹೋದ ಹಾಗಾಯ್ತು," ಎಂದಳು ಲೋರ್ನಾ, ಅವನ ಹಸಿರು ಜಾಕೆಟ್ಟಿಗೆ ಹಣೆಯೊತ್ತಿ. "ಇನ್ನೊಂದ್ಸಲ ಹೇಳು ಅನ್ನಬೇಡ."

"ಅನ್ನಲ್ಲ. ಹೀಗೇ ಇರು."